ಮೂರು ಸಾವಿರ ಪುಸ್ತಕಗಳ ಲೆಕ್ಕ

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಬಾಡಿಗೆ ಮನೆ ನೋಡಲು ಬಂದವರು ಮೊದಲು ಕೇಳುವುದು ನೀರಿನ ವಿಷಯ. ಬೋರ್‌ವೆಲ್ಲಿನ ನೀರೋ, ಮಂಜೀರಾ ನೀರೋ? ಮಂಜೀರಾ ಎಂದರೆ ಅರ್ಧ ಒಪ್ಪಿಗೆ ಸಿಕ್ಕಂತೆ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಹಿತವಾಗುತ್ತದೆ. ನಮ್ಮ ಬೀದರ್ ಜಿಲ್ಲೆಯ ಹೊಲಗಳ ಮಗ್ಗುಲಲ್ಲಿ ಹರಿದ ಮಾಂಜ್ರಾ ಹೊಳೆಯೇ ತೆಲಂಗಾಣಕ್ಕೆ ಬಂದು ಮಂಜೀರಾ ಆಗುತ್ತದೆ. ನೀರು ಮುಗಿದ ಮೇಲೆ ಪಾರ್ಕಿಂಗು, ಲಿಫ್ಟು, ಮೆಟ್ರೋ ಸ್ಟೇಷನ್ನಿಗೆ ಎಷ್ಟು ದೂರ ಎಂಬ ವಿಚಾರಣೆ. ಕಪಾಟು ನಿಲ್ಲಿಸಲು ಒಂದು ಬರಿಗೋಡೆ ಇದೆಯೇ ಎಂದು ಕೇಳಿದವಳು ನಮ್ಮ ಗಲ್ಲಿಯಲ್ಲಿ ಬಹುಶಃ ನಾನೊಬ್ಬಳೇ. ಅಪ್ಪನ ಪುಸ್ತಕಗಳನ್ನು ಬೀದರಿನಿಂದ ತರಬೇಕಾಗಿತ್ತು.

ಅಪ್ಪ ಹೈಸ್ಕೂಲು ಮಾಸ್ತರರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಕನ್ನಡವನ್ನು ಮನೆಯ ಪಡಸಾಲೆಯಲ್ಲಿ ಕಲಿತು, 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಪಾಠ ಹೇಳಿದ ತಲೆಮಾರು ಅವರದು. ಅವರ ಕಪಾಟಿನಲ್ಲಿ ಕನ್ನಡ, ಉರ್ದು, ಮರಾಠಿ ಪುಸ್ತಕಗಳು ಜಗಳವಿಲ್ಲದೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಅವುಗಳ ನಡುವೆ ಇದ್ದ ಎರಡು ಇಂಗ್ಲಿಷ್ ಪುಸ್ತಕಗಳನ್ನು ಮಾತ್ರ ಮಕ್ಕಳು ಕೈ ತೊಳೆದುಕೊಂಡೇ ಮುಟ್ಟಬೇಕಿತ್ತು. ಒಂದು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದ ಹಾರೂನ್ ಖಾನ್ ಶೇರವಾನಿಯವರು 1942ರಲ್ಲಿ ಪ್ರಕಟಿಸಿದ ಮಹಮೂದ್ ಗವಾನನ ಜೀವನ ಚರಿತ್ರೆ. ಇನ್ನೊಂದು, ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿಯವರು ಬೀದರಿನ ಚರಿತ್ರೆ ಮತ್ತು ಕಟ್ಟಡಗಳ ಮೇಲೆ 1947ರಲ್ಲಿ ತಂದ ದಪ್ಪ ಗ್ರಂಥ. ರಜೆಯಲ್ಲಿ ನಮ್ಮನ್ನು ಗವಾನನ ಮದರಸಾಕ್ಕೆ ಕರೆದೊಯ್ದಾಗ ಅಪ್ಪ ಕಟ್ಟಡದ ಅಂದವನ್ನು ಕಡೆಗೆ ತೋರಿಸುತ್ತಿದ್ದರು. ಮೊದಲ ಮಾತು ಯಾವಾಗಲೂ ಒಂದೇ: “ಈ ಇಮಾರತಿನೊಳಗ ಮೂರು ಸಾವಿರ ಪುಸ್ತಕ ಇದ್ದವು ನೋಡವಾ. ಎಲ್ಲಾ ಒಬ್ಬ ಮನಶ್ಯಾ ಕೂಡಿಸಿದ್ದು.”

ಆ ಮನುಷ್ಯನ ಬಗ್ಗೆ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಅವನನ್ನು ನಮ್ಮ ಪಾಠಪುಸ್ತಕಗಳು ಬಹಮನಿ ರಾಜ್ಯದ ಸಮರ್ಥ ಮಂತ್ರಿ ಎಂದು ಎರಡು ಸಾಲಿನಲ್ಲಿ ಮುಗಿಸುತ್ತವೆ. ಗೋವೆಯನ್ನು ಗೆದ್ದದ್ದು, ನಾಲ್ಕು ಪ್ರಾಂತಗಳನ್ನು ಎಂಟು ಮಾಡಿದ್ದು, ಭೂಮಿ ಅಳೆಸಿ ಕಂದಾಯ ನಿಗದಿ ಮಾಡಿಸಿದ್ದು, ಕೊನೆಗೆ ಕೊಲೆಯಾದದ್ದು. ಇವೆಲ್ಲ ನಿಜ. ಆದರೆ ನನಗೆ ಗವಾನ್ ಮುಖ್ಯನಾಗುವುದು ಪುಸ್ತಕ ಕೂಡಿಸಿದವನಾಗಿ, ಅದಕ್ಕಿಂತ ಹೆಚ್ಚಾಗಿ ಕೂಡಿಸಿದ್ದು ಯಾರಿಗೆಂದು ಬದುಕಿದ್ದಾಗಲೇ ಗೊತ್ತುಮಾಡಿಟ್ಟವನಾಗಿ.

ಖ್ವಾಜಾ ಮಹಮೂದ್ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ತೆಂಕಣ ದಂಡೆಯ ಗೀಲಾನ್ ಪ್ರಾಂತದಲ್ಲಿ, 1411ರ ಸುಮಾರಿಗೆ. ಮನೆತನ ಅಲ್ಲಿನ ಅರಸರ ಮಂತ್ರಿ ಮನೆತನ. ಅರಮನೆಯ ಒಳಜಗಳ ಜೀವಕ್ಕೇ ಮುಳುವಾಗುವಂತಾದಾಗ ಊರು ಬಿಟ್ಟ. ಕೈರೋ, ಡಮಾಸ್ಕಸ್ಸುಗಳಲ್ಲಿ ಪಂಡಿತರ ಬಳಿ ಕುಳಿತು ಓದಿದ. ಹೊಟ್ಟೆಪಾಡಿಗೆ ವ್ಯಾಪಾರ ಹಿಡಿದ. 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದಾಗ ಅವನಿಗೆ ನಲವತ್ತು ದಾಟಿತ್ತು. ಬಂದದ್ದು ಇಲ್ಲಿನ ಸೂಫಿ ಸಂತರನ್ನು ಕಂಡು ದೆಹಲಿಯ ಕಡೆ ಹೋಗಬೇಕೆಂದು. ಸುಲ್ತಾನ ಅಲಾವುದ್ದೀನ್ ಅಹ್ಮದ್ ಹೋಗಗೊಡಲಿಲ್ಲ. ಮುಂದಿನ ಸುಲ್ತಾನ ‘ಮಲಿಕ್ ಉತ್ ತುಜ್ಜಾರ್’, ಅಂದರೆ ವರ್ತಕರ ಒಡೆಯ ಎಂಬ ಬಿರುದು ಕೊಟ್ಟ. 1466ರಿಂದ ಮುಂದೆ ರಾಜ್ಯದ ಭಾರವೆಲ್ಲ ಅವನ ಹೆಗಲಿಗೆ ಬಂತು. ಅದೇ ಹೊತ್ತಿಗೆ ಕುದುರೆ ಮಾರಲು ಹೊರಟು ನಮ್ಮ ಕಡೆ ಅಲೆದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ತನ್ನ ಪ್ರವಾಸದ ಟಿಪ್ಪಣಿಯಲ್ಲಿ ಈ ಮಲಿಕ್ ತುಜ್ಜಾರನನ್ನು ಮತ್ತೆ ಮತ್ತೆ ನೆನೆಯುತ್ತಾನೆ. ಅವನ ಕಣ್ಣಿಗೆ ಬಿದ್ದದ್ದು ದಂಡು, ಆನೆ, ಸಂಪತ್ತು. ಪುಸ್ತಕ ಬೀಳಲಿಲ್ಲ. ಕುದುರೆ ಮಾರಲು ಬಂದವನಿಗೆ ಅದು ಬೀಳಬೇಕಾಗಿಯೂ ಇರಲಿಲ್ಲ.

ಬೀದರಿನಂಥ ಒಳನಾಡಿನ ಊರಿನಲ್ಲಿ ಕುಳಿತು ಗವಾನ್ ಜಗತ್ತಿಗೆಲ್ಲ ಪತ್ರ ಬರೆದ. ಹೆರಾತಿನ ಕವಿ ಜಾಮಿಗೆ, ಕಾನ್‌ಸ್ಟಾಂಟಿನೋಪಲ್ ಗೆದ್ದ ತುರ್ಕಿಯ ಸುಲ್ತಾನ ಎರಡನೆಯ ಮೆಹ್ಮದನಿಗೆ, ಗೀಲಾನಿನ ಅರಸರಿಗೆ, ಪಂಡಿತರಿಗೆ, ಸ್ವಂತ ಮಗನಿಗೆ. ಬೀದರಿಗೆ ಬಂದು ಇಲ್ಲಿನ ವಿದ್ಯಾರ್ಥಿಗಳಿಗೆ ಪಾಠ ಹೇಳಿ ಎಂದು ಜಾಮಿಯನ್ನು ಕರೆದ. ಜಾಮಿ ಬರಲಿಲ್ಲ. ಗವಾನ್ ಬೇಸರಪಟ್ಟು ಸುಮ್ಮನಾಗಲಿಲ್ಲ, ಪತ್ರ ನಿಲ್ಲಿಸಲೂ ಇಲ್ಲ. ಪತ್ರ ಬರೆಯುವ ಕಲೆಯ ಮೇಲೆಯೇ ‘ಮನಾಜಿರುಲ್ ಇನ್ಶಾ’ ಎಂಬ ಶಾಸ್ತ್ರಗ್ರಂಥ ಬರೆದ. ತಾನು ಬರೆದ ಪತ್ರಗಳನ್ನು ‘ರಿಯಾಜುಲ್ ಇನ್ಶಾ’ ಎಂದು ಕಟ್ಟಿಟ್ಟ. ರಾಜ್ಯವಾಳುವವರು ಇತರರಿಂದ ಬರೆಸುವುದು ಎಲ್ಲ ಕಾಲದ ರೂಢಿ. ದಂಡಿನ ಜೊತೆ ಕೊಂಕಣದ ಕಾಡಿನಲ್ಲಿ ಬೀಡುಬಿಟ್ಟಾಗಲೂ ವಾಕ್ಯ ತಿದ್ದುತ್ತ ಕೂರಬಲ್ಲ ಮಂತ್ರಿ ನಮ್ಮ ನೆಲದಲ್ಲಿ ಆಗಿಹೋಗಿದ್ದಾನೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಮೂರು ಸಾವಿರ ಎಂಬ ಅಂಕಿಯ ತೂಕ ಇಂದಿನ ನಮಗೆ ತಿಳಿಯುವುದು ಕಷ್ಟ. ಅಷ್ಟು ಪುಸ್ತಕ ಬೆರಳಗಲದ ಚಿಪ್ಪಿನಲ್ಲಿ ಕುಳಿತು ಜೇಬಿಗೆ ಇಳಿಯುತ್ತದೆ. ಆಗಿನ ಒಂದೊಂದು ಪುಸ್ತಕವೂ ಒಬ್ಬನು ಕುಳಿತು ಕೈಯಿಂದ ಬರೆದದ್ದು. ದೀಪದ ಮಸಿಗೆ ಗೋಂದು ಬೆರೆಸಿ ಶಾಯಿ ಮಾಡಬೇಕು. ಜೊಂಡಿನ ಕಡ್ಡಿ ಕೊರೆದು ಕಲಮು ಮಾಡಬೇಕು. ಕಾಗದಕ್ಕೆ ಗಂಜಿ ಹಾಕಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪೇರಿಸಬೇಕು. ದಾರ ಬಿಗಿದ ರಟ್ಟಿನ ಮೇಲೆ ಹಾಳೆ ಇಟ್ಟು ಒತ್ತಿದರೆ ಸಾಲಿನ ಗುರುತು ಮೂಡುತ್ತದೆ. ಆಮೇಲೆ ಬರವಣಿಗೆ. ಪುಟದ ಕೆಳ ಅಂಚಿನಲ್ಲಿ ಮುಂದಿನ ಪುಟದ ಮೊದಲ ಶಬ್ದವನ್ನು ಬರೆದಿಡುತ್ತಿದ್ದರು, ಹಾಳೆ ಹಿಂದುಮುಂದಾದರೆ ಹೊಂದಿಸಿಕೊಳ್ಳಲು. ಒಂದು ದೊಡ್ಡ ಗ್ರಂಥಕ್ಕೆ ತಿಂಗಳುಗಟ್ಟಲೆ ದುಡಿಮೆ. ಹೀಗೆ ಆದ ಪುಸ್ತಕ ಶಿರಾಜಿನಿಂದಲೋ ಹೆರಾತಿನಿಂದಲೋ ಬರಬೇಕಾದರೆ ಹಡಗಿನಲ್ಲಿ ಕುದುರೆಗಳ ಜೊತೆ ಕಡಲು ದಾಟಿ, ದಾಭೋಳದಲ್ಲಿ ಇಳಿದು, ಎತ್ತಿನ ಬೆನ್ನಿನಲ್ಲಿ ಘಟ್ಟ ಹತ್ತಬೇಕು. ಮಳೆ, ಗೆದ್ದಲು, ಕಳ್ಳರು ಎಲ್ಲವನ್ನೂ ದಾಟಿ ಬರಬೇಕು.

ಅದೇ ಕಾಲದ ಬೇರೆ ವಿದ್ಯಾಸ್ಥಾನಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ. ಗವಾನನ ಮದರಸಾ ಮುಗಿದದ್ದು 1472ರಲ್ಲಿ. 1473ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದ ಪಟ್ಟಿ ಮಾಡಿದಾಗ ಸಿಕ್ಕ ಪುಸ್ತಕಗಳು 330. ರೋಮಿನಲ್ಲಿ ಪೋಪರ ವ್ಯಾಟಿಕನ್ ಗ್ರಂಥಾಲಯದಲ್ಲಿ 1475ರಲ್ಲಿ ಇದ್ದದ್ದು ಸುಮಾರು 2500. ಕೇಂಬ್ರಿಜ್‌ನ ಪೀಟರ್‌ಹೌಸ್ ಕಾಲೇಜಿನ ಮುಖ್ಯಸ್ಥನಾಗಿದ್ದ ಆಂಡ್ರ್ಯೂ ಪರ್ನ್ ಎಂಬ ವಿದ್ವಾಂಸ 1589ರಲ್ಲಿ ತೀರಿಕೊಂಡಾಗ ಅವನ ಸ್ವಂತ ಸಂಗ್ರಹ ಮೂರು ಸಾವಿರದ ಆಸುಪಾಸಿನಲ್ಲಿತ್ತು, ಇಂಗ್ಲೆಂಡಿನ ದೊಡ್ಡ ಖಾಸಗಿ ಸಂಗ್ರಹಗಳಲ್ಲಿ ಅದೊಂದು ಎನ್ನುತ್ತಾರೆ. ಆ ಹೊತ್ತಿಗೆ ಅಲ್ಲಿ ಅಚ್ಚಿನ ಪುಸ್ತಕ ಬಂದು ಶತಮಾನವೇ ಕಳೆದಿತ್ತು. ಪರ್ನ್ ತನ್ನ ಪುಸ್ತಕಗಳನ್ನು ಕಾಲೇಜಿಗೆ ಬರೆದುಕೊಟ್ಟ, ಅವನ ಹೆಸರಿನ ಗ್ರಂಥಾಲಯ ಇವತ್ತಿಗೂ ಅಲ್ಲಿದೆ. ಇಬ್ಬರನ್ನೂ ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಭೂಮಿಯ ಎರಡು ತುದಿಯಲ್ಲಿ, ಒಬ್ಬರ ಹೆಸರು ಒಬ್ಬರು ಕೇಳದ ಇಬ್ಬರಿಗೆ ಒಂದೇ ಬುದ್ಧಿ ಹೊಳೆಯಿತಲ್ಲ ಎಂಬ ಸಂತೋಷಕ್ಕೆ ಹೇಳಿದೆ.

ಬೀದರಿನ ಚೌಬಾರಾದಿಂದ ಕೋಟೆಯ ಕಡೆ ನಡೆದರೆ ದಾರಿಯಲ್ಲೇ ಮದರಸಾ ಸಿಗುತ್ತದೆ. ಮೂರು ಅಂತಸ್ತು. 205 ಅಡಿ ಉದ್ದ, 180 ಅಡಿ ಅಗಲ. ನಡುವೆ ದೊಡ್ಡ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆ, ಮೂಲೆಗಳಲ್ಲಿ ಅಧ್ಯಾಪಕರ ವಸತಿ, ಪಾಠದ ಹಜಾರ, ಮಸೀದಿ, ಗ್ರಂಥಾಲಯ. ಓದುವವರಿಗೆ ಊಟ, ಬಟ್ಟೆ, ವಸತಿ ಎಲ್ಲವೂ ಧರ್ಮಾರ್ಥ. ಮುಂಭಾಗದಲ್ಲಿ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಹೆಂಚಿನ ಕೆಲಸ, ಮಿನಾರಿನ ಮೈಮೇಲೆ ಅಡ್ಡಡ್ಡ ಅಲೆಯ ವಿನ್ಯಾಸ. ಎರಡಿದ್ದ ಮಿನಾರುಗಳಲ್ಲಿ ಈಗ ಉಳಿದದ್ದು ಒಂದು. ಕೋಣೆಗಳಲ್ಲಿ ನಿಂತು ನೋಡಿ: ಬೆಳಕು ಹೇಗೆ ಓದುವವನ ಮಡಿಲಿಗೆ ಬೀಳಬೇಕು, ಗಾಳಿ ಎಲ್ಲಿಂದ ಹೊಕ್ಕು ಎಲ್ಲಿ ಹೊರಡಬೇಕು ಎಂದು ಯೋಚಿಸಿ ಕಟ್ಟಿದ್ದಾರೆ. ಮಂತ್ರಿಗೆ ಬಿಡುವು ಸಿಕ್ಕಾಗ ಅರಮನೆ ಬಿಟ್ಟು ಇಲ್ಲಿಗೆ ಬಂದು ಪಂಡಿತರ, ಹುಡುಗರ ನಡುವೆ ಕೂರುತ್ತಿದ್ದನಂತೆ. ನಂಬಲು ಏನೂ ಕಷ್ಟವಿಲ್ಲ. ಇಂಥ ಕಟ್ಟಡ ಕಟ್ಟಿಸಿದವನು ಮತ್ತೆಲ್ಲಿ ಕೂರಬೇಕು?

ಇನ್ನು ಕಹಿಯ ಭಾಗ. ಕೂಕಟ್‌ಪಲ್ಲಿಯ ನಡುವೆ ಹರಿಯುವ 65ನೇ ರಾಷ್ಟ್ರೀಯ ಹೆದ್ದಾರಿ ಪುಣೆಯಿಂದ ಹೊರಟು ಸೋಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಇಲ್ಲಿಗೆ ಬರುತ್ತದೆ. ನಮ್ಮ ಬೀದರ್ ಬಸ್ಸುಗಳು ಜಹೀರಾಬಾದಿನಿಂದ ಇದೇ ರಸ್ತೆ ಹಿಡಿಯುತ್ತವೆ. ಮುಂದೆ ಅದು ಹೈದರಾಬಾದ್ ದಾಟಿ, ವಿಜಯವಾಡ ಮುಟ್ಟಿ, ಮಚಲೀಪಟ್ಟಣದ ಸಮುದ್ರಕ್ಕೆ ಹೋಗಿ ನಿಲ್ಲುತ್ತದೆ. ವಿಜಯವಾಡಕ್ಕೆ ಸ್ವಲ್ಪ ಮೊದಲು ಕೊಂಡಪಲ್ಲಿ. ಗವಾನ್ ಬದುಕಿದ ಊರು ರಸ್ತೆಯ ಒಂದು ಮಗ್ಗುಲಿಗೆ, ಸತ್ತ ಊರು ಇನ್ನೊಂದು ಮಗ್ಗುಲಿಗೆ, ನಾವಿರುವುದು ನಡುವೆ. ನಮ್ಮ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ವಿಜಯವಾಡದ ಕಡೆಯವರು ಬಹಳ. ಎದುರು ಫ್ಲ್ಯಾಟಿನ ಪಿನ್ನಿಗಾರು ಸಂಕ್ರಾಂತಿಗೆ ಬೊಂಬೆ ಕೂರಿಸಿದಾಗ ಕೊಂಡಪಲ್ಲಿಯ ಅಂಬಾರಿ ಆನೆಯನ್ನು ನಡುಮಧ್ಯೆ ಇಡುತ್ತಾರೆ. ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಚೆಂದದ ಬೊಂಬೆ. ನಿಮ್ಮ ಕೊಂಡಪಲ್ಲಿಯಲ್ಲಿ ನಮ್ಮ ಬೀದರಿನವನೊಬ್ಬನ ತಲೆ ಹೋಯಿತು ಪಿನ್ನಿಗಾರು ಎಂದು ಒಮ್ಮೆ ಹೇಳಿದೆ. ಅವರು ಕುಂಕುಮದ ಬಟ್ಟಲು ಕೆಳಗಿಟ್ಟು, “ಅಯ್ಯೋ, ಎವರಮ್ಮಾ?” ಎಂದು ನಿನ್ನೆ ನಡೆದ ಸುದ್ದಿ ಕೇಳುವವರಂತೆ ಕೇಳಿದರು. ಕುಳಿತು ಪೂರಾ ಹೇಳಿದೆ. ಇಲ್ಲಿ ಹೇಳುವುದೂ ಅದನ್ನೇ.

ಪ್ರಾಂತಗಳನ್ನು ಒಡೆದು, ಒಬ್ಬೊಬ್ಬ ಸರದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿದ ಮೇಲೆ ಗವಾನನಿಗೆ ಆಸ್ಥಾನದ ತುಂಬ ಹಗೆಗಳು. ಅವರು ಅವನ ಮೊಹರು ಕಾಯುತ್ತಿದ್ದವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ಒಂದು ಪತ್ರ ಬರೆದರು: ನಮ್ಮ ಸುಲ್ತಾನ ಕುಡುಕ, ನೀನು ದಂಡೆತ್ತಿ ಬಾ ಎಂಬ ಅರ್ಥದ್ದು. ಸುಲ್ತಾನ ಮೂರನೆಯ ಮುಹಮ್ಮದ್ ಆಗ ಕೊಂಡಪಲ್ಲಿಯ ಬೀಡಿನಲ್ಲಿದ್ದ, ಅಮಲಿನಲ್ಲಿದ್ದ. ಗವಾನನನ್ನು ಕರೆಸಿ ಕೇಳಿದ. ಮೊಹರು ನನ್ನದು, ಪತ್ರ ನನ್ನದಲ್ಲ ಎಂದ ಮುದುಕ. 1481ರ ಏಪ್ರಿಲ್ 5. ಜೌಹರ್ ಎಂಬ ಗುಲಾಮನ ಕತ್ತಿಗೆ ಎಪ್ಪತ್ತರ ಆ ತಲೆ ಉರುಳಿತು. ಪತ್ರ ಬರೆಯುವ ಶಾಸ್ತ್ರವನ್ನೇ ರಚಿಸಿದವನನ್ನು ಬೇರೆಯವರು ಬರೆದ ಪತ್ರವೊಂದು ಕೊಂದಿತು. ಅವನ ಶೈಲಿ ಬಲ್ಲವನೊಬ್ಬ ಆ ಡೇರೆಯಲ್ಲಿದ್ದು ನಾಲ್ಕು ಸಾಲು ಓದಿದ್ದರೂ ಇದು ಖ್ವಾಜಾನ ಬರಹವಲ್ಲ ಎಂದು ಹೇಳಬಹುದಿತ್ತೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಓದುವವರು ಇಲ್ಲದ ಕಡೆ ಮೊಹರೇ ಸಾಕ್ಷಿಯಾಗುತ್ತದೆ.

ಕೊಂದ ಮೇಲೆ ಸುಲ್ತಾನನಿಗೆ ನೆನಪಾದದ್ದು ಹಣ. ವರ್ತಕರ ಒಡೆಯ, ಇಷ್ಟು ವರ್ಷದ ಮಂತ್ರಿ, ಎಷ್ಟು ಕೂಡಿಹಾಕಿರಬೇಡ! ಖಜಾಂಚಿಯನ್ನು ಹಿಡಿದು ತರಿಸಿದ. ಮುಂದಿನದನ್ನು ವಿಜಾಪುರದಲ್ಲಿ ಕುಳಿತು ದಖ್ಖಣದ ಚರಿತ್ರೆ ಬರೆದ ಫಿರಿಶ್ತಾ ಮನಮುಟ್ಟುವಂತೆ ಬರೆದಿದ್ದಾನೆ. ಖಜಾಂಚಿ ಹೇಳಿದ ಲೆಕ್ಕ ಇದು. ಯಜಮಾನರಿಗೆ ಎರಡು ಖಜಾನೆ, ಒಂದು ಸುಲ್ತಾನರದು, ಇನ್ನೊಂದು ಬಡವರದು. ಜಹಗೀರಿನಿಂದ ಬಂದದ್ದೆಲ್ಲ ಮೊದಲನೆಯದಕ್ಕೆ, ಅದರಿಂದಲೇ ದಂಡಿನ, ಆನೆ ಕುದುರೆಗಳ ಖರ್ಚು. ತಮ್ಮ ಸ್ವಂತಕ್ಕೆ, ತಾಯ್ನಾಡಿನಿಂದ ತಂದ 40,000 ಲಾರಿ ನಾಣ್ಯದ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿದ್ದರು. ಅದರ ಲಾಭದಲ್ಲಿ ದಿನಕ್ಕೆ ಎರಡು ಲಾರಿ ಅಡುಗೆಮನೆಗೆ, ಉಳಿದದ್ದು ಬಂಧುಗಳಿಗೆ, ಬಡವರಿಗೆ. ಮಲಗುತ್ತಿದ್ದದ್ದು ಚಾಪೆಯ ಮೇಲೆ, ಉಣ್ಣುತ್ತಿದ್ದದ್ದು ಮಣ್ಣಿನ ಪಾತ್ರೆಯಲ್ಲಿ. ಮತ್ತೆ ಪುಸ್ತಕ? ಮೂರು ಸಾವಿರ ಇವೆ, ಎಲ್ಲವೂ ವಿದ್ಯಾರ್ಥಿಗಳಿಗೆ ವಕ್ಫ್.

ಮುಟ್ಟುಗೋಲು ಹಾಕಲು ಬಂದ ಸುಲ್ತಾನನ ಕೈಗೆ ಏನೂ ಸಿಗಲಿಲ್ಲ. ಚರಿತ್ರೆಕಾರ ಸ್ವಲ್ಪ ಮೆರುಗು ಹಚ್ಚಿರಬಹುದು, ಸತ್ತುಹೋದ ಸಜ್ಜನನ ಬಗ್ಗೆ ಬರೆಯುವಾಗ ಯಾರಾದರೂ ಹಚ್ಚುತ್ತಾರೆ. ಮೆರುಗು ಕಳೆದರೂ ಉಳಿಯುವ ಗಟ್ಟಿ ಸಂಗತಿ ವಕ್ಫ್ ಎಂಬ ಏರ್ಪಾಡಿನದು. ಒಮ್ಮೆ ದೇವರ ಹೆಸರಿಗೆ ಬಿಟ್ಟ ಆಸ್ತಿಯನ್ನು ಮಾರುವಂತಿಲ್ಲ, ಮಕ್ಕಳಿಗೆ ಪಾಲು ಹಂಚುವಂತಿಲ್ಲ, ಯಾರಿಗೂ ಇನಾಮು ಕೊಡುವಂತಿಲ್ಲ. ಅದರ ಉಪಯೋಗ ಮಾತ್ರ ಜನರದು. ಗವಾನ್ ತನ್ನ ಪುಸ್ತಕಗಳ ಒಡೆತನವನ್ನು ತಾನೇ ಬಿಟ್ಟುಕೊಟ್ಟಿದ್ದ. ತಾನು ಕೂಡಿಸಿದ ಪುಸ್ತಕವನ್ನು ತೆರೆದು ಓದುವಾಗ ಅವನೂ ಆ ಹುಡುಗರಂತೆಯೇ ಒಬ್ಬ ಓದುಗ.

ಇದು ಪರ್ಷಿಯಾದಿಂದ ಬಂದವನು ನಮಗೆ ಕಲಿಸಿದ ಹೊಸ ಪಾಠ ಎಂದು ಹೇಳಲಾರೆ. ಈ ನೆಲ ಅದನ್ನು ಮೊದಲೇ ಬಲ್ಲದು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಜೈನರಲ್ಲಿ ಅನ್ನದಾನದ ಸಾಲಿನಲ್ಲೇ ಶಾಸ್ತ್ರದಾನಕ್ಕೂ ಜಾಗ. ಬೀದರಿನಿಂದ ಹೆಚ್ಚು ದೂರವಿಲ್ಲದ, ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ ವಿದ್ಯಾರ್ಥಿಗಳು. ಅವರಿಗೆ ಪಾಠ ಹೇಳುವವರ ಜೊತೆಗೆ ಪುಸ್ತಕ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರು. 252 ಹುಡುಗರಿಗೆ ಆರು ಜನ! ಇಂದಿನ ಯಾವ ಕಾಲೇಜಿನ ಪ್ರಾಚಾರ್ಯರಿಗಾದರೂ ಈ ಲೆಕ್ಕ ಹೇಳಿ ನೋಡಿ, ನಿಟ್ಟುಸಿರು ಬಿಡುತ್ತಾರೆ. ಗವಾನ್ ಬಂದು ನಿಂತದ್ದು ಇಂಥ ನೆಲದ ಮೇಲೆ. ಅವನಿಗೆ ನಾಗಾವಿಯ ಶಾಸನ ಓದಲು ಬರುತ್ತಿರಲಿಲ್ಲ. ಓದದೆಯೂ ಅದರ ಮುಂದಿನ ಸಾಲು ಬರೆದ.

ಆ ಪುಸ್ತಕಗಳು ಈಗ ಇಲ್ಲ. ಗವಾನ್ ಹೋದ ಮರುವರ್ಷ ಸುಲ್ತಾನನೂ ಹೋದ. ರಾಜ್ಯ ಐದಾಗಿ ಒಡೆಯಿತು. ಗವಾನನ ಆಸರೆಯಲ್ಲಿ ಮೇಲೆ ಬಂದ ಯೂಸುಫ್ ವಿಜಾಪುರದ ಆದಿಲ್‌ಶಾಹಿಯ ಮೂಲಪುರುಷನಾದ. ಮುಂದೆ ಔರಂಗಜೇಬನ ಕಣ್ಣು ಬೀದರಿನ ಮೇಲೆ ಬಿದ್ದು, 1657ರಲ್ಲಿ ಊರು ಮೊಗಲರ ಕೈಸೇರಿತು. ಮದರಸಾದಲ್ಲಿ ದಂಡು ಇಳಿಯಿತು, ಮದ್ದುಗುಂಡು ತುಂಬಿತು. 1696ರಲ್ಲಿ ಆ ಮದ್ದು ಸಿಡಿದು ಮುಂಭಾಗದ ಅರ್ಧ, ಒಂದು ಮಿನಾರು, ಒಳಗಿನ ಎಷ್ಟೋ ಕೋಣೆಗಳು ಹಾರಿಹೋದವು. ಓದುವ ಹುಡುಗರಿಗೆಂದು ಕಟ್ಟಿದ ಕೋಣೆಯಲ್ಲಿ ಮದ್ದು ಇಟ್ಟವರನ್ನು ನಾನು ಕ್ಷಮಿಸಲಾರೆ, ಅವರು ಯಾರೇ ಆಗಿರಲಿ, ಯಾವ ಕಾಲದವರೇ ಆಗಿರಲಿ.

ಆದರೂ ಗವಾನನ ಒಂದು ಪಾಲು ಉಳಿದಿದೆ, ಉಳಿದ ಬಗೆಯನ್ನು ಗಮನಿಸಬೇಕು. ಅವನ ಪತ್ರಗಳನ್ನೂ ಪತ್ರಶಾಸ್ತ್ರವನ್ನೂ ಓದುವವರು ಕೈಯಿಂದ ಕೈಗೆ ನಕಲು ಮಾಡಿಕೊಂಡು ಹೋದರು. ಚೆನ್ನಾಗಿ ಬರೆಯಲು ಕಲಿಯಬೇಕೆಂಬ ಹುಡುಗರು, ದಫ್ತರಿನ ಮುನ್ಶಿಗಳು, ತುರ್ಕಿಯ ಕಡೆಯ ಲಿಪಿಕಾರರು. ಬೀದರಿನ ಕಪಾಟಿನಲ್ಲೇ ಇದ್ದಿದ್ದರೆ ಅವೂ 1696ರ ಹೊಗೆಯಲ್ಲಿ ಹೋಗುತ್ತಿದ್ದವೋ ಏನೋ. ಕಪಾಟು ಬಿಟ್ಟು ಹೊರಟದ್ದರಿಂದ ಬದುಕಿದವು. ಹೈದರಾಬಾದ್ ಸಂಸ್ಥಾನ ಮುಗಿದ 1948ರಲ್ಲಿಯೇ ಇದೇ ಹೈದರಾಬಾದಿನಲ್ಲಿ ‘ರಿಯಾಜುಲ್ ಇನ್ಶಾ’ ಅಚ್ಚಾಗಿ ಬಂತು, ಶೇಖ್ ಚಾಂದ್ ಬಿನ್ ಹುಸೇನ್ ಮತ್ತು ಯಜ್ದಾನಿಯವರ ಸಂಪಾದನೆಯಲ್ಲಿ. ನೂರಕ್ಕೂ ಹೆಚ್ಚು ಪತ್ರಗಳು. ಜಾಮಿಗೆ ಬರೆದ ಕರೆಯೋಲೆಯೂ ಅದರಲ್ಲಿದೆ.

ನಾನು ದಿನವೂ ಹಾದುಹೋಗುವ ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದದ್ದು 1972ರಲ್ಲಿ. ಮದರಸಾ ಮುಗಿದು ಸರಿಯಾಗಿ 500 ವರ್ಷಕ್ಕೆ. ಇದು ಆಕಸ್ಮಿಕ, ಬಲ್ಲೆ. ಆದರೂ ಅದರ ಗೇಟಿನ ಎದುರು ಜೆರಾಕ್ಸ್ ಅಂಗಡಿಗಳಲ್ಲಿ ಪರೀಕ್ಷೆಯ ಕಾಲಕ್ಕೆ ಮಕ್ಕಳು ಗುಂಪುಗಟ್ಟಿ, ಒಬ್ಬಳ ನೋಟ್ಸನ್ನು ಹತ್ತು ಮಂದಿ ಮಾಡಿಸಿಕೊಂಡು ಹೋಗುವುದನ್ನು ಕಂಡಾಗ ನನಗೆ ಮನಸ್ಸು ತುಂಬುತ್ತದೆ. ಯವತ್ಮಾಳದಿಂದ, ಆದಿಲಾಬಾದಿನಿಂದ, ನಮ್ಮ ಭಾಲ್ಕಿ ಹುಮನಾಬಾದುಗಳಿಂದ ಬಂದು ಹಾಸ್ಟೆಲ್ಲುಗಳಲ್ಲಿ ಇಕ್ಕಟ್ಟಾಗಿ ಇರುವ ಮಕ್ಕಳು. ಮದರಸಾದ ಕೋಣೆಗಳಲ್ಲಿ ಇದ್ದವರೂ ಹೀಗೇ ದೂರದಿಂದ ಬಂದವರು, ಹೀಗೇ ನಕಲು ಮಾಡಿಕೊಂಡವರು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅವರ ಸಂಗ್ರಹ ದೊಡ್ಡದಲ್ಲ, ಮಾಸ್ತರಿಕೆಯ ಪಗಾರದಲ್ಲಿ ಕೂಡಿಸಿದ್ದು. ಆದರೆ ಅದಕ್ಕೊಂದು ಕೆಂಪು ಬಟ್ಟೆ ಹೊದಿಸಿದ ವಹಿ ಇತ್ತು. ಯಾವ ಪುಸ್ತಕ, ಯಾವ ಹುಡುಗ, ಕೊಟ್ಟ ತಾರೀಖು. ಮರಳಿ ಬಂದರೆ ಮುಂದೆ ಒಂದು ಗೀಟು. ಬಾರದಿದ್ದರೆ ಆ ಜಾಗ ಖಾಲಿ. ಖಾಲಿ ಜಾಗ ಬಹಳ ಇದ್ದವು. ಅವ್ವ ರೇಗುತ್ತಿದ್ದಳು: “ಅರ್ಧಾ ಪುಸ್ತಕ ಮಂದಿ ಮನಿಯಾಗೇ ಅವ.” ಅಪ್ಪ ಅನ್ನುತ್ತಿದ್ದದ್ದು, “ಇರಲಿ ಬಿಡು, ಓದ್ಲಾಕೇ ಒಯ್ದಾರಲ್ಲ.” ಈಗ ಆ ವಹಿ ನನ್ನ ಹತ್ತಿರ ಇದೆ. ಅದರಲ್ಲಿರುವ ಹೆಸರುಗಳಲ್ಲಿ ಒಬ್ಬರು ಮುಂದೆ ಕನ್ನಡ ಮೇಷ್ಟ್ರಾದರು, ಒಬ್ಬರು ತಹಸೀಲ್ದಾರರಾದರು. ಬೀದರಿಗೆ ಹೋದಾಗ ಮುದುಕರೊಬ್ಬರು ಬಂದು, ನಿಮ್ಮಪ್ಪ ಕೊಟ್ಟಿದ್ದು, ಇನ್ನೂ ಜತನದಿಂದ ಇಟ್ಟೀನಿ ಎಂದು ಬೆನ್ನು ಹರಿದ ಪುಸ್ತಕವೊಂದನ್ನು ತೋರಿಸಿದರು. ಇಟ್ಟುಕೊಳ್ರಿ, ಅದು ನಿಮ್ಮದೇ ಎಂದೆ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಸಿಗುವ ಹಿರಿಯರು, ನಮ್ಮ ಕಾಲೊನಿಯ ಕನ್ನಡದವರು, ಎಲ್ಲರ ಮನೆಯಲ್ಲೂ ಹೀಗೊಂದು ಕಪಾಟು ಇದೆ. ಮಕ್ಕಳು ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ ಓದಿದವರು. ಮೊಮ್ಮಕ್ಕಳು ಅಮೆರಿಕದಲ್ಲಿ. ಹಿರಿಯರು ಹೋದ ಮೇಲೆ ಫ್ಲ್ಯಾಟು ಖಾಲಿ ಮಾಡುವ ಗಡಿಬಿಡಿಯಲ್ಲಿ ಕಾದಂಬರಿ, ನಿಘಂಟು, ಹಳೆಯ ದೀಪಾವಳಿ ಸಂಚಿಕೆ, ಶಾಸನ ಸಂಪುಟ ಎಲ್ಲವೂ ಒಟ್ಟಾಗಿ ರದ್ದಿಯವನ ತಕ್ಕಡಿಗೆ ಏರುತ್ತವೆ. ಪುಣ್ಯವಿದ್ದರೆ ಕೆಲವು ಭಾನುವಾರದ ಅಬಿಡ್ಸ್ ಫುಟ್‌ಪಾತಿಗೋ ಕೋಠಿಯ ಹಳೆ ಪುಸ್ತಕದ ಅಂಗಡಿಗೋ ಬಂದು ಇನ್ನೊಬ್ಬನ ಕೈ ಸೇರುತ್ತವೆ. ಅಲ್ಲಿ ಒಮ್ಮೆ ಕನ್ನಡದ ಪುಸ್ತಕವೊಂದರ ಮೊದಲ ಪುಟದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದ ಹೆಸರನ್ನೂ, ಸೇಡಂ, 1961 ಎಂಬುದನ್ನೂ ಕಂಡು ಬಹಳ ಹೊತ್ತು ನಿಂತಿದ್ದೆ. ಆ ಮನುಷ್ಯ ಅದನ್ನು ಯಾರಿಗಾದರೂ ಕೊಡಬೇಕೆಂದು ಅಂದುಕೊಂಡೇ ಇದ್ದಿರಬೇಕು. ನಾಳೆ ಕೊಟ್ಟರಾಯಿತು ಎಂದು ಇದ್ದಿರಬೇಕು.

ಬೀದರಿನ ಹೊರಗೆ ಗೋರನಳ್ಳಿಯ ಹತ್ತಿರ ಗವಾನನ ಗೋರಿ ಇದೆ. ಬಹಮನಿ ಸುಲ್ತಾನರ ಗೋರಿಗಳಿಗೆ ಇರುವ ದೊಡ್ಡ ಗುಮ್ಮಟ ಅದಕ್ಕಿಲ್ಲ. ಅಷ್ಟೂರಿನ ಗುಮ್ಮಟಗಳನ್ನು ನೋಡಲು ಬಸ್ಸು ಕಟ್ಟಿಕೊಂಡು ಬರುವವರು ಇಲ್ಲಿಗೆ ಬರುವುದು ಅಪರೂಪ. ಬೀದರಿಗೆ ಹೋದರೆ ದಯವಿಟ್ಟು ಅಲ್ಲಿಗೂ ಹೋಗಿ.

ಹೈದರಾಬಾದಿನ ಕನ್ನಡದ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಕಪಾಟಿನಲ್ಲಿ ಏನಿದೆ ಎಂದು ಒಂದು ವಹಿಯಲ್ಲಿ ಬರೆಯಿರಿ. ಪಟ್ಟಿ ಇಲ್ಲದ ಸಂಗ್ರಹವನ್ನು ಯಾವ ಗ್ರಂಥಾಲಯವೂ ಸುಲಭವಾಗಿ ಒಪ್ಪುವುದಿಲ್ಲ. ಯಾವುದು ಯಾರಿಗೆ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲೇ ಗುರುತು ಹಾಕಿ: ಇದು ಬೀದರಿನ ಕಾಲೇಜಿಗೆ, ಇದು ಕಲಬುರಗಿಯ ಸಂಶೋಧನೆ ಮಾಡುವ ಹುಡುಗಿಗೆ, ಇದು ಎದುರು ಮನೆಯ ಕನ್ನಡ ಬಲ್ಲ ಮಗುವಿಗೆ. ಮಕ್ಕಳಿಗೆ ಆ ವಹಿ ಎಲ್ಲಿದೆ ಎಂದು ತಿಳಿಸಿ. ಕೊಡಬಹುದಾದಷ್ಟನ್ನು ಕೈಯಾರೆ ಈಗಲೇ ಕೊಟ್ಟುಬಿಡಿ. ಅಪ್ಪನ ಪುಸ್ತಕಗಳ ಪಟ್ಟಿ ನಾನು ಮುಗಿಸಿದ್ದೇನೆ. ಉರ್ದು ಪುಸ್ತಕಗಳನ್ನು ಓದುವವರು ಸಿಕ್ಕಿದ್ದಾರೆ, ಮರಾಠಿಯವು ಭಾಲ್ಕಿಗೆ ಹೋಗಿವೆ, ಕನ್ನಡದವು ಈ ಬೇಸಿಗೆಯಲ್ಲಿ ಬೀದರಿಗೆ ಹೊರಡುತ್ತವೆ. ಶೇರವಾನಿ, ಯಜ್ದಾನಿಯವರ ಆ ಎರಡು ಗ್ರಂಥಗಳನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.